ನಂಬರ್ ಎರಡು, ಮರಿ

"ಎಂಥದು ಮಾರಾಯ್ರೆ, ಸತ್ತ ತೋಳವನ್ನು ಕಾಡಿಗೆ ಬಿಡ್ಲಿಕ್ಕೆ ಅಪ್ಪಣೆ ಕೇಳುದಾ?" ಎಂದರು ಗುಮಾಸ್ತ ವಿಷ್ಣುಮೂರ್ತಿ, ಫೈಲಿನಿಂದ ತಲೆಯೆತ್ತಿ.

ವಿರುಪಾಕ್ಷಪ್ಪನಿಗೆ ಮೊದಲು ನಗುವೇ ಬಂತು. "ಸತ್ತದ್ದು ಯಾವುದ್ರಿ ಸಾಹೇಬ್ರ? ಮುಂಜಾನೆ ನಾನ ಊಟ ಹಾಕಿ ಬಂದೇನಿ."

ಮರಾಠಿ ನಾಡಿನ ಟಿಟ್ವಾಳಾ ಊರಿನಾಚೆಯ ಪ್ರಾಣಿರಕ್ಷಣಾ ಕೇಂದ್ರದಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಎರಡು ವರ್ಷದ ಕೆಳಗೆ, ಇನ್ನೂ ಕಣ್ಣು ಬಿಡದ ಎರಡು ತೋಳದ ಮರಿಗಳು ಬಂದಾಗ ಬಾಟಲಿಯಲ್ಲಿ ಹಾಲು ಕುಡಿಸಿದವನು ಅವನೇ. ಗಂಡು ನಂಬರ್ ಒಂದು, ಹೆಣ್ಣು ನಂಬರ್ ಎರಡು. ನಂಬರ್ ಹಿಡಿದು ಯಾರನ್ನಾದರೂ ಕರೆಯುವುದುಂಟೇ? ಹೆಣ್ಣನ್ನು ಅವನು ಮರಿ ಎಂದ. ಹಾಗೆಂದರೆ ಸಾಕು, ಎಲ್ಲಿದ್ದರೂ ಓಡಿ ಬಂದು ಅವನ ಪಾದದ ಮೇಲೆ ಗದ್ದ ಇಡುತ್ತಿತ್ತು.

ಆಮೇಲೆ ನಿಯಮ ಬಂತು. ಕಾಡಿಗೆ ಬಿಡುವ ತೋಳ ಮನುಷ್ಯರಿಗೆ ಹೆದರಬೇಕು. ಸಾಕಿದವನ ಮುಖ ಕಾಣಬಾರದು, ದನಿ ಕೇಳಬಾರದು. ವಯಸ್ಸು ಎರಡು ವರ್ಷ ದಾಟಿರಬಾರದು. ಕೇಂದ್ರದ ಡಾಕ್ಟರ್ ರಮಿತಾ ಬೋನಿಗೆ ಗೋಣಿಯ ಪರದೆ ಕಟ್ಟಿಸಿದರು. ವಿರುಪಾಕ್ಷಪ್ಪ ಬಾಯಿಗೆ ಟವೆಲ್ ಸುತ್ತಿಕೊಂಡು ಕೆಳಗಿನ ಸಂದಿಯಿಂದ ತಟ್ಟೆ ತಳ್ಳತೊಡಗಿದ. ಮೊದಲ ವಾರವೆಲ್ಲ ಮರಿ ಪರದೆಯ ಆಚೆ ಕುಂಯ್ ಕುಂಯ್ ಅನ್ನುತ್ತಿತ್ತು. ಆದರೂ ಅವನು ಹನ್ನೊಂದು ತಿಂಗಳು ಒಂದು ಮಾತೂ ಆಡಲಿಲ್ಲ.

ನಂಬರ್ ಒಂದಕ್ಕೆ ಅಪ್ಪಣೆ ಬಂತು. ಎರಡು ವರ್ಷ ತುಂಬಲು ನಾಲ್ಕು ದಿನವಿರುವಾಗ ಅದನ್ನು ಬಿಟ್ಟೂ ಆಯಿತು. ಎರಡರದ್ದು ಬರಲೇ ಇಲ್ಲ. ಡಾಕ್ಟರರ ಎರಡು ಪತ್ರಗಳಿಗೂ ಉತ್ತರವಿಲ್ಲದೆ, ಅವನೇ ರಜೆ ಹಾಕಿ ಬೇಲಾಪುರದ ಅರಣ್ಯ ಇಲಾಖೆಯ ಕಚೇರಿಗೆ ಬಂದಿದ್ದ. ಅಲ್ಲಿ ಕನ್ನಡದವರೊಬ್ಬರು ಸಿಕ್ಕಿದ್ದು ತನ್ನ ಪುಣ್ಯವೆಂದುಕೊಂಡಿದ್ದ.

ವಿಷ್ಣುಮೂರ್ತಿ ಫೈಲನ್ನು ಅವನ ಕಡೆ ತಿರುಗಿಸಿದರು. ದೀಪಾವಳಿ ತಿಂಗಳ ವರದಿ. ಡಾಕ್ಟರ್ ರಜೆಯಲ್ಲಿದ್ದಾಗ ಅವನೇ ತುಂಬಿ ಕಳಿಸಿದ್ದು. ನಂಬರ್ ಎರಡರ ಮುಂದೆ, ಷರಾ ಬರೆಯುವ ಜಾಗದಲ್ಲಿ, ಅವನದೇ ದುಂಡಗಿನ ಮರಾಠಿ ಅಕ್ಷರ: ಮರೀ.

"ಯಾರು ಬರೆದದ್ದು ಇದು?"

"ನಾನ ರಿ. ಅದರ ಹೆಸರು. ಬರೇ ನಂಬರ್ ಇತ್ತಲ್ರಿ, ಗುರುತು ಸಿಗಲಿ ಅಂತ..."

"ಹಿಂದಿಯಲ್ಲಿ ಮರೀ ಅಂದ್ರೆ ಸತ್ತಳು ಅಂತ ಅಲ್ವಾ! ಫೈಲ್ ನೋಡಿದವ ಹಿಂದಿಯವ. ಸತ್ತಿದೆ ಅಂತ ಮುಚ್ಚಿಬಿಟ್ಟಿದ್ದಾನೆ. ಆಮೇಲೆ ಬಂದ ಕಾಗದ ಯಾರೂ ತೆರೆದೇ ಇಲ್ಲ. ಆ ದೀರ್ಘ ಯಾಕೆ ಎಳೆದ್ರಿ ನೀವು?"

ಮರಾಠಿಯಲ್ಲಿ ಕೊನೆಯ ಇಕಾರಕ್ಕೆ ಯಾವಾಗಲೂ ದೀರ್ಘ ಎಂದು ಮಗಳು ಸೋನಾಲಿ ತಿದ್ದಿಕೊಟ್ಟಿದ್ದಳು. ಅಪ್ಪನ ಬರಹ ನೋಡಿ ಆಫೀಸಿನವರು ನಗಬಾರದೆಂದು ಅವಳ ಆಸೆ.

"ತಿದ್ರಿ ಸಾಹೇಬ್ರ. ಜೀವಂತ ಐತಿ ಅಂತ ಬರೀರಿ."

"ಅದು ಬರೀಬಹುದು." ವಿಷ್ಣುಮೂರ್ತಿ ಕನ್ನಡಕ ತೆಗೆದರು. "ಆದ್ರೆ ಹೋದ ತಿಂಗಳಿಗೆ ಎರಡು ವರ್ಷ ದಾಟಿತಲ್ಲ. ಇನ್ನು ಬಿಡ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. ಕೊನೆವರೆಗೆ ಬೋನೇ."

ಠಾಣೆ ಎಂಬ ಜಂಕ್ಷನ್ನಿನಲ್ಲಿ ರೈಲು ಬದಲಿಸಿ ಟಿಟ್ವಾಳಾ ಲೋಕಲ್ ಹತ್ತಿದವನು ಬಾಗಿಲ ಕಂಬಿ ಹಿಡಿದು ಅತ್ತ. ತಾನು ಮುದ್ದಿನಿಂದ ಕರೆದ ಮಾತೇ ಅದರ ದಾರಿ ಮುಚ್ಚಿತಲ್ಲ ಎಂಬ ಸಂಕಟ. ಅಷ್ಟು ಜನರ ನಡುವೆ ಯಾರೂ ಏನೂ ಕೇಳಲಿಲ್ಲ.

ಬೋನಿನ ಮುಂದೆ ನಿಂತಾಗ ಇನ್ನೂ ಬಿಸಿಲಿತ್ತು. ಇನ್ನು ಯಾವ ನಿಯಮವೂ ಇಲ್ಲ, ಬೇಕಾದಷ್ಟು ಮಾತಾಡಬಹುದು. ಗೋಣಿಯ ಒಂದು ಮೂಲೆ ಬಿಚ್ಚಿ ಕರೆದ.

"ಮರಿ."

ಅದು ದಿಗ್ಗನೆದ್ದು ಹಿಂದಿನ ಗೋಡೆಗೆ ಒತ್ತಿ ನಿಂತಿತು. ಹಲ್ಲು ಕಿಸಿದು ನಡುಗಿತು. ಹನ್ನೊಂದು ತಿಂಗಳು ಅವನು ದೇವರಲ್ಲಿ ಬೇಡಿಕೊಂಡದ್ದು ಇದನ್ನೇ.

"ನಾನ ಅದೇನಿ, ಮರಿ."

ನಡುಕ ಹೆಚ್ಚಾಯಿತು. ವಿರುಪಾಕ್ಷಪ್ಪ ಗೋಣಿಯನ್ನು ಮೊದಲಿದ್ದ ಹಾಗೆ ಕಟ್ಟಿದ. ಬಾಯಿಗೆ ಟವೆಲ್ ಸುತ್ತಿಕೊಂಡು, ಕುಕ್ಕರುಗಾಲಲ್ಲಿ ಕೂತು, ಸಂದಿಯಿಂದ ತಟ್ಟೆಯನ್ನು ಮೆಲ್ಲಗೆ ಒಳಗೆ ತಳ್ಳಿದ.