ಮಟಿಲ್ಡಾ ಟೀಚರ್ ಅಂಕ ಕೊಟ್ಟ ಮೂರು ಚಿತ್ರಗಳು

ಟಾನ್ಯಾ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟಾಗ ಮಟಿಲ್ಡಾ ಟೀಚರ್ ಮೊದಲು ಮಾಡಿದ್ದು ಕನ್ನಡಕ ಒರೆಸಿಕೊಂಡದ್ದು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಡ್ರಾಯಿಂಗ್ ಕಲಿಸಿದವರು ಅವರು. ನಿವೃತ್ತಿಯಾದ ಮೇಲೆ ಚಿತ್ರ ನೋಡಿಕೊಡಿ ಎಂದು ಬಿಕರ್ನಕಟ್ಟೆಯ ಅವರ ಮನೆಯ ಮೆಟ್ಟಿಲು ಹತ್ತಿದವರಲ್ಲಿ ಈ ಹಳೆಯ ವಿದ್ಯಾರ್ಥಿನಿಯೇ ಮೊದಲಿಗಳು.

ಟಾನ್ಯಾ ತನ್ನ ಗೆಳೆಯ ಮೋಕ್ಷಿತನ ಜೊತೆ ಸೇರಿ ಮೂರು ವರ್ಷ ಕೂತು ಒಂದು ಕಂಪ್ಯೂಟರ್ ಗೇಮ್ ಮಾಡಿದ್ದಳು. ಬಂದೂಕು, ಕಾರು ಎಂಥದೂ ಇಲ್ಲದ ಗೇಮ್. ಪ್ರೀತಿಯ ಕತೆ. ಹೆಸರು ‘ಪಂಪ್‌ವೆಲ್‌ನಲ್ಲಿ ಇಳಿಯುವವರು’. ಅದನ್ನು ಇಂಟರ್ನೆಟ್ಟಿನ ಅಂಗಡಿಯಲ್ಲಿ ಮಾರಾಟಕ್ಕಿಡಲು ಪುಸ್ತಕದ ಹೊದಿಕೆಯಂಥ ಒಂದು ಚಿತ್ರ ಬೇಕಾಗಿತ್ತು. ಮೂರು ಚಿತ್ರ ತಯಾರಿದ್ದವು. ಮಂಗಳವಾರದೊಳಗೆ ಒಂದನ್ನು ಆರಿಸಬೇಕಿತ್ತು.

“ಎಲ್ಲರೂ ಸೂಪರ್ ಸೂಪರ್ ಅಂತಾರೆ ಟೀಚರ್, ಮೂರನ್ನೂ. ತಪ್ಪಿದ್ರೆ ತಪ್ಪು ಅನ್ನುವವರು ನೀವು ಒಬ್ರೇ.”

ಟೀಚರಿಗೆ ಇದು ಹೊಗಳಿಕೆಯೋ ದೂರೋ ತಿಳಿಯಲಿಲ್ಲ. ಪರದೆಗೆ ಮುಖ ಹತ್ತಿರ ತಂದರು.

ಮೊದಲನೆಯದು ಇಂಟರ್ನೆಟ್ಟಿನಲ್ಲಿ ಸಿಕ್ಕ ಪೋಲೆಂಡಿನ ಕಲಾವಿದನೊಬ್ಬನಿಂದ ಬರೆಸಿದ್ದು. ಬಸ್ಸಿನೊಳಗೆ ಒಬ್ಬ ಹುಡುಗ, ಒಬ್ಬಳು ಹುಡುಗಿ. ಕಣ್ಣು ಮುಚ್ಚಿಕೊಂಡು, ಇನ್ನೇನು ಮೂಗಿಗೆ ಮೂಗು ತಾಗುವಷ್ಟು ಹತ್ತಿರ. ಹಿಂದೆ ಕೆಂಪು ಆಕಾಶ. ಎರಡನೆಯದು ಮೋಕ್ಷಿತನದು: ಫ್ಲೈಓವರಿನ ಕೆಳಗೆ ದೂರದಲ್ಲೊಂದು ಬಸ್ಸು, ಕಿಟಕಿಯಲ್ಲಿ ಸಾಸಿವೆ ಕಾಳಿನಂಥ ಎರಡು ತಲೆ. ಮೂರನೆಯದರಲ್ಲಿ ಕಿಟಕಿಯ ಪಕ್ಕ ಒಬ್ಬಳೇ ಹುಡುಗಿ. ಪಕ್ಕದ ಸೀಟು ಖಾಲಿ, ಅದರ ಮೇಲೆ ಮಡಚಿಟ್ಟ ಕೊಡೆ.

“ಇದರಲ್ಲಿ ಡ್ರೈವರ್ ಎಡಗಡೆ ಕೂತಿದ್ದಾನಲ್ಲ” ಎಂದು ಟೀಚರ್ ಮೊದಲನೆಯದರ ಮೇಲೆ ಬೆರಳಿಟ್ಟರು. “ಬಾಗಿಲು ಬಲಗಡೆ. ಇವರು ಇಳಿಯುವುದು ಎಲ್ಲಿಗೆ? ನಡುರಸ್ತೆಗಾ?”

ಟಾನ್ಯಾ ಬಗ್ಗಿ ನೋಡಿ ಹಣೆ ಚಚ್ಚಿಕೊಂಡಳು. ತಿಂಗಳಿನಿಂದ ನೋಡುತ್ತಿದ್ದರೂ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಏನೋ ಒತ್ತಿ ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿದಳು. ಡ್ರೈವರ್ ಬಲಕ್ಕೆ ಬಂದ. ಹುಡುಗನ ವಾಚೂ ಬಲಗೈಗೆ ಬಂತು.

“ಅದು ಇರ್ಲಿ. ಬಲಗೈಗೆ ಕಟ್ಟುವವರು ಉಂಟು” ಎಂದರು ಟೀಚರ್. ಮೊದಲನೆಯದಕ್ಕೆ ಹತ್ತರಲ್ಲಿ ನಾಲ್ಕೂವರೆ ಕೊಟ್ಟರು, ಎರಡನೆಯದಕ್ಕೆ ಆರು, ಮೂರನೆಯದಕ್ಕೆ ಎಂಟು. ಬೆಳಕು ಒಂದೇ ಕಡೆಯಿಂದ ಬಿದ್ದದ್ದು ಮೂರನೆಯದರಲ್ಲಿ ಮಾತ್ರ.

“ಅಂಕ ಸರಿ ಟೀಚರ್. ಆದ್ರೆ ಯಾವುದು ನೋಡಿದ್ರೆ ಪ್ರೀತಿ ಅಂತ ಅನ್ನಿಸ್ತದೆ?”

ಅಂಥ ಪ್ರಶ್ನೆಗೆ ಅವರು ಎಂದೂ ಅಂಕ ಹಾಕಿದವರಲ್ಲ. “ಮೊದಲು ಕತೆ ಎಂತ ಅಂತ ಗೊತ್ತಾಗ್ಬೇಕಲ್ಲ” ಎಂದರು. ಟಾನ್ಯಾ ಗೇಮ್ ತೆರೆಯುವುದು, ಉತ್ತರ ಒತ್ತುವುದು ಎರಡನ್ನೂ ಕಲಿಸಿಕೊಟ್ಟು, ಸೋಮವಾರ ಬರುತ್ತೇನೆಂದು ಲ್ಯಾಪ್‌ಟಾಪ್ ಬಿಟ್ಟುಹೋದಳು.

ಕತೆಯ ನಾಯಕಿ ಫಿಯೋನಾ, ನರ್ಸು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಅವಳ ಪಕ್ಕ ಲಯನೆಲ್ ಎಂಬವನು ಬಂದು ಕೂರುತ್ತಾನೆ. ಅವನು ಮಾತಾಡಿಸಿದಾಗ ಪರದೆಯ ಮೇಲೆ ಎರಡು ಮೂರು ಉತ್ತರ ಮೂಡುತ್ತವೆ. ಫಿಯೋನಾ ಯಾವುದನ್ನು ಹೇಳಬೇಕೆಂದು ಆಡುವವರು ಒತ್ತಬೇಕು.

“ನಾಳೆಯೂ ಇದೇ ಬಸ್ಸಾ?” ಎಂದು ಲಯನೆಲ್ ಕೇಳಿದ. ನರ್ಸುಗಳ ಡ್ಯೂಟಿ ಹಾಗೆಲ್ಲ ಮೊದಲೇ ಹೇಳಲು ಬರುವುದಿಲ್ಲವೆಂದು ತಿಳಿದಿದ್ದ ಟೀಚರ್ ‘ಗೊತ್ತಿಲ್ಲ, ಡ್ಯೂಟಿ ನೋಡ್ಬೇಕು’ ಎಂಬುದನ್ನು ಒತ್ತಿದರು. ಮರುದಿನ ಅವನು, “ಆಸ್ಪತ್ರೆ ಹತ್ರ ಒಂದು ಕಡೆ ಒಳ್ಳೆ ಚಾ ಸಿಗ್ತದೆ” ಎಂದ. ಫಿಯೋನಾ ಮನೆಯಲ್ಲಿ ಚಾ ಕುಡಿದೇ ಹೊರಟದ್ದನ್ನು ಟೀಚರ್ ಪರದೆಯ ಮೇಲೆ ಕಣ್ಣಾರೆ ನೋಡಿದ್ದರು. ‘ನಾನು ಮನೆಯಲ್ಲೇ ಕುಡಿದು ಬಂದೆ’ ಎಂಬುದನ್ನು ಒತ್ತಿದರು. ಮೂರನೆಯ ದಿನ ಲಯನೆಲ್ ಏನೂ ಕೇಳದೆ ಪಂಪ್‌ವೆಲ್ ಸ್ಟಾಪಿನಲ್ಲಿ ಇಳಿದು ಹೋದ. ‘ಕತೆ ಮುಗಿಯಿತು’ ಎಂದು ಬರೆದು ಬಂತು.

ಹನ್ನೊಂದು ನಿಮಿಷ ಆಗಿತ್ತಷ್ಟೆ. ಮತ್ತೆ ಆಡಿದರು. ಮತ್ತೆ ಇಳಿದು ಹೋದ. ನಾಲ್ಕನೆಯ ಸಲವೂ ಹಾಗೇ ಆದಾಗ ಟಾನ್ಯಾಗೆ ಫೋನ್ ಮಾಡಿದರು.

“ನಿನ್ನ ಗೇಮಲ್ಲಿ ಎಂತದೋ ಹಾಳಾಗಿದೆ. ಆ ಲಯನೆಲ್ ನಿಲ್ಲುವುದೇ ಇಲ್ಲ.”

ಅವರು ಒತ್ತಿದ್ದನ್ನೆಲ್ಲ ಕೇಳಿಸಿಕೊಂಡು ಟಾನ್ಯಾ ಮೆಲ್ಲನೆ, “ಹಾಳಾದ್ದಲ್ಲ ಟೀಚರ್. ನೀವು ಅವನನ್ನು ಕಳಿಸ್ತಾ ಇದ್ದೀರಿ” ಎಂದಳು.

“ನಾನಾ? ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಟ್ಟೆ, ಅಷ್ಟೇ.”

ಫೋನ್ ಇಟ್ಟ ಮೇಲೂ ಅವರಿಗೆ ಅರ್ಥವಾಗಲಿಲ್ಲ. ಸುಳ್ಳು ಹೇಳಿಲ್ಲ, ಒರಟಾಗಿ ಮಾತಾಡಿಲ್ಲ. ಹಾಗಿದ್ದೂ ಅವನು ಎದ್ದು ಹೋದದ್ದೇಕೆ?

ಭಾನುವಾರ ಚರ್ಚಿನ ಪೂಜೆ, ಊಟ ಮುಗಿದ ಮೇಲೆ ತಮ್ಮ ಯೂಸ್ಟೇಸ್ ಲ್ಯಾಪ್‌ಟಾಪ್ ಎಳೆದುಕೊಂಡರು. ಬಹಳ ವರ್ಷ ಮಸ್ಕತ್‌ನಲ್ಲಿದ್ದು ಬಂದವರು. ಹೆಂಡತಿ ತೀರಿಕೊಂಡ ಮೇಲೆ ಅಕ್ಕನ ಜೊತೆಗೇ ಇದ್ದರು. ಒಂದೂವರೆ ಗಂಟೆ ಅಲ್ಲಿಂದ ಏಳಲಿಲ್ಲ. ಟೀಚರ್ ಪಾತ್ರೆ ಒರೆಸಿಟ್ಟು ಬಂದು ನೋಡಿದರೆ ಫಿಯೋನಾ, ಲಯನೆಲ್ ಇಬ್ಬರೂ ಮದುವೆಗೆ ಹಾಲ್ ನೋಡುತ್ತಿದ್ದರು.

“ನೀನು ಎಂತ ಒತ್ತಿದ್ದು?”

“ಅವ ಕೇಳಿದ್ದಕ್ಕೆಲ್ಲ ಹೌದು ಅಂತ ಒತ್ತಿದೆ. ಚಾ ಉಂಟು ಅಂದ್ರೆ ಯಾವ ಕಡೆ ಅಂತ ಕೇಳಿದೆ.”

“ಅವಳು ಚಾ ಕುಡಿದೇ ಬಂದದ್ದಲ್ವಾ?”

ಯೂಸ್ಟೇಸ್ ಕನ್ನಡಕ ತೆಗೆದು ಅಕ್ಕನನ್ನೇ ನೋಡಿದರು. “ಮಟಿಲ್ಡಾ, ಅವ ಚಾದ ವಿಷಯ ಮಾತಾಡಿದ್ದಲ್ಲ ಮಾರಾಯ್ತಿ. ನೀನು ಜೋನ್ ಮಾಸ್ಟ್ರಿಗೂ ಹೀಗೇ ಹೇಳಿದ್ದಲ್ವಾ?”

“ಅವರು ಎಂತ ಕೇಳಿದ್ರು ನನ್ನ ಹತ್ರ?”

ಯೂಸ್ಟೇಸರಿಗೆ ಈಗ ಬಾಯಿಬಿಡದೆ ದಾರಿಯಿರಲಿಲ್ಲ. ಜೋನ್ ಮಾಸ್ಟ್ರು ಪಕ್ಕದ ಗಂಡುಮಕ್ಕಳ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದವರು. “ನಾನು ಮಸ್ಕತ್‌ಗೆ ಹೊರಟ ವರ್ಷ. ‘ನಿನ್ನ ಅಕ್ಕನ ಮನಸ್ಸಲ್ಲಿ ಎಂತ ಉಂಟು’ ಅಂತ ನನ್ನ ಹತ್ರ ಕೇಳ್ಲಿಕ್ಕೆ ಬಂದಿದ್ರು. ಅವಳನ್ನೇ ಕೇಳಿ ಅಂದೆ. ಕೇಳಿ ಆಯ್ತು ಅಂದ್ರು. ಸಂಜೆ ಎಷ್ಟು ಪೇಪರ್ ತಿದ್ಲಿಕ್ಕೆ ಬಾಕಿ ಉಂಟು ಅಂತ ದಿನಾ ಕೇಳ್ತಿದ್ರಂತೆ. ನೀನು ಒಮ್ಮೆ ನೂರ ಇಪ್ಪತ್ತು, ಒಮ್ಮೆ ತೊಂಬತ್ತು ಅಂತಿದ್ದೆಯಂತೆ.”

“ಅಷ್ಟೇ ಇತ್ತು” ಎಂದರು ಟೀಚರ್. ಲೆಕ್ಕದ ಮಾಸ್ಟ್ರು, ಸಂಖ್ಯೆ ಕೇಳಿದರು ಎಂದೇ ಟೀಚರ್ ತಿಳಿದಿದ್ದರು.

ಜೋನ್ ಮಾಸ್ಟ್ರು ಮರುವರ್ಷ ಮದುವೆಯಾಗಿ ಶಿರ್ವದ ಕಡೆ ಹೋದರು. ಆ ಮದುವೆ ಹಾಲ್‌ನ ಗೋಡೆಗೆ ವಧೂವರರ ಹೆಸರನ್ನು ಥರ್ಮಕೋಲಿನಲ್ಲಿ ಕತ್ತರಿಸಿ ಅಂಟಿಸಿದವರು ಮಟಿಲ್ಡಾ ಟೀಚರೇ. ಅಂದು ಅವರು ತಮ್ಮ ಕೆಲಸಕ್ಕೆ ಹತ್ತಕ್ಕೆ ಒಂಬತ್ತು ಕೊಟ್ಟುಕೊಂಡಿದ್ದರು. ಬೇಸರವಾಗಿತ್ತೇ ಎಂದು ಈಗ ನೆನಪು ಕೆದಕಿದರೆ ಗೋಂದಿನ ವಾಸನೆ ಬಿಟ್ಟು ಬೇರೇನೂ ಸಿಗಲಿಲ್ಲ. ಮಾಸ್ಟ್ರು ನಿಜವಾಗಿ ತನ್ನ ಮನಸ್ಸನ್ನೇ ಕೇಳಿದ್ದರೇ? ಕೇಳಿದ್ದು ಆಗಲೇ ಗೊತ್ತಾಗಿದ್ದರೆ ತಾನು ಹೌದೆನ್ನುತ್ತಿದ್ದೆನೇ? ಅದೂ ತಿಳಿಯಲಿಲ್ಲ. ಮನಸ್ಸು ನೋಯುತ್ತಿದೆಯೋ ನಗು ಬರುತ್ತಿದೆಯೋ ಎಂಬುದೇ ಗೊತ್ತಾಗದೆ ಆ ಸಂಜೆಯೆಲ್ಲ ಅಡುಗೆಮನೆಗೂ ಚಾವಡಿಗೂ ತಿರುಗಾಡಿದರು.

ಸೋಮವಾರ ಟಾನ್ಯಾ ಬಂದು ಮೂರು ಚಿತ್ರಗಳನ್ನೂ ಪರದೆಯ ಮೇಲೆ ತಂದಳು. ಅಂಗಡಿಯಲ್ಲಿ ಕಾಣುವಂತೆ, ಅಂಚೆಚೀಟಿಯಷ್ಟೇ ಚಿಕ್ಕದಾಗಿ.

“ಮೊದಲನೆಯದನ್ನೇ ಹಾಕು” ಎಂದರು ಟೀಚರ್.

“ನಾಲ್ಕೂವರೆಯದ್ದಾ?”

“ಹೌದು.”

ಟಾನ್ಯಾಳ ಮುಖ ಸಣ್ಣದಾಯಿತು. “ಮೂರನೆಯದು ನಾನು ಬರೆದದ್ದು ಟೀಚರ್. ಹೇಳಿದ್ರೆ ನೀವು ದಾಕ್ಷಿಣ್ಯ ಮಾಡ್ತೀರಿ ಅಂತ ಹೇಳಿರ್ಲಿಲ್ಲ. ಎಂಟು ಕೊಟ್ಟಿದ್ರಲ್ಲ?”

“ಎಂಟು ಈಗಲೂ ಉಂಟು. ಚಿತ್ರ ಚೆನ್ನಾಗುಂಟು. ಆದ್ರೆ ನಾನು ಅದರಲ್ಲಿ ಕಂಡದ್ದು ಬೆಳಕು. ಆ ಕೊಡೆ ಎಂತಕ್ಕೆ?”

“ಅವನಿಗೆ ಸೀಟ್ ಹಿಡಿದಿಟ್ಟದ್ದು. ಅದೇ ಪ್ರೀತಿ ಅಲ್ವಾ?”

“ಹೌದಾ? ಯಾರೋ ಕೊಡೆ ಬಿಟ್ಟುಹೋದದ್ದು ಅಂತ ನಾನು ತಿಳ್ಕೊಂಡೆ.” ಟೀಚರ್ ಮೊದಲನೆಯ ಚಿತ್ರದ ಮೇಲೆ ಬೆರಳಿಟ್ಟರು. “ನನ್ನ ಹಾಗಿನವರೂ ಇರ್ತಾರಲ್ಲ. ಬಾಯಿಬಿಟ್ಟು ಹೇಳದಿದ್ರೆ ಗೊತ್ತಾಗದವರು. ಇದಾದ್ರೆ ನನಗೂ ಗೊತ್ತಾಗ್ತದೆ, ಇವರಿಬ್ಬರ ಮಧ್ಯೆ ಎಂತದೋ ಉಂಟು ಅಂತ.”

ಟಾನ್ಯಾ ತನ್ನ ಚಿತ್ರವನ್ನು ನೋಡಿದಳು, ಟೀಚರನ್ನು ನೋಡಿದಳು. ಒಪ್ಪಿದಳೋ, ಹಿರಿಯರ ಮಾತು ಮೀರಲಾರದೆ ತಲೆಯಾಡಿಸಿದಳೋ, ಅದೂ ಟೀಚರಿಗೆ ಗೊತ್ತಾಗಲಿಲ್ಲ.

ಎರಡು ವಾರ ಕಳೆದು ಅವಳ ಫೋನ್ ಬಂತು. ತಿರುಗಿಸಿದ ಮೊದಲ ಚಿತ್ರವೇ ಅಂಗಡಿಯಲ್ಲಿತ್ತು. ಜನ ನೋಡುತ್ತಿದ್ದರು, ಕೆಲವರು ಕೊಳ್ಳುತ್ತಲೂ ಇದ್ದರು. ತನ್ನ ಚಿತ್ರ ಹಾಕದ್ದಕ್ಕೆ ಮೋಕ್ಷಿತ್ ಮಾತ್ರ ಎರಡು ದಿನ ಮುಖ ಊದಿಸಿಕೊಂಡಿದ್ದನಂತೆ.

“ಹಾಗಾದ್ರೆ ನಾನು ಹೇಳಿದ್ದು ಸರಿಯಾ?”

“ಗೊತ್ತಿಲ್ಲ ಟೀಚರ್. ಬೇರೆದ್ದು ಹಾಕಿದ್ರೆ ಎಂತ ಆಗ್ತಿತ್ತು ಅಂತ ನೋಡ್ಲಿಕ್ಕೆ ಆಗುದಿಲ್ಲ ಅಲ್ವಾ?”

ಟೀಚರ್ ಫೋನನ್ನು ಕಿವಿಯಿಂದ ಕಿವಿಗೆ ಬದಲಿಸಿದರು. “ಶನಿವಾರ ಮಧ್ಯಾಹ್ನ ನಿನಗೆ ಕೆಲಸ ಉಂಟಾ?” ಎಂದು ಕೇಳಿದರು.

“ಸ್ವಲ್ಪ ಉಂಟು ಟೀಚರ್. ಎಂತ?”

“ಕೆಲಸದ ಲೆಕ್ಕ ಕೇಳಿದ್ದಲ್ಲ. ಊಟಕ್ಕೆ ಬಾ ಅಂತ ಕರೆದದ್ದು. ಸುಮ್ಮನೆ ಮಾತಿಗೆ ಅಲ್ಲ, ಬರ್ಬೇಕು.”