ಸುಲೋಚನಾ ನೋಡಿ ಬಂದ ದಾರಿ

ಪಾದಕ್ಕೆ ಅರಿಶಿನ ಹಚ್ಚುತ್ತಿದ್ದ ಪಕ್ಕದ ಮನೆಯ ಕಾಶಿಬಾಯಿ ಕೈ ನಿಲ್ಲಿಸಿದಳು. ಸುಲೋಚನಾಳ ಹಿಮ್ಮಡಿಯಲ್ಲಿ ಮುಳ್ಳೊಂದು ಮುರಿದು ಕೂತಿತ್ತು. ಪಿನ್ನು ತರಿಸಿ ಮೆಲ್ಲಗೆ ತೆಗೆದಳು. ಸತ್ತವರಿಗೆ ನೋವಾಗುವುದಿಲ್ಲ ಎಂದು ಗೊತ್ತಿದ್ದೂ ಮೆಲ್ಲಗೆ.

ನಿನ್ನೆಯೂ ಕಾಡಿಗೆ ಹೋಗಿದ್ದಳೇ ಎಂದು ಮರಾಠಿಯಲ್ಲಿ ಕೇಳಿದಳು. ಗೋಡೆಗೊರಗಿದ್ದ ಲಕ್ಷ್ಮೀಕಾಂತ ತಲೆಯಾಡಿಸಿದರು.

ಮೂರನೇ ಇಯತ್ತೆಯ ಮಕ್ಕಳನ್ನು ಅಂಬಾಝರಿ ಕೆರೆಯಾಚೆಯ ಕಾಡಿಗೆ ಕರೆದೊಯ್ಯುವ ಒಂದೆರಡು ದಿನ ಮುಂಚೆ ತಾನೊಬ್ಬಳೇ ಹೋಗಿ ದಾರಿ ಪೂರ್ತಿ ನಡೆದು ಬರುವುದು ಶಾಲಾ ಶಿಕ್ಷಕಿಯಾದ ಅವರ ಹೆಂಡತಿಯ ಪದ್ಧತಿ. ಹುತ್ತ, ಕೆಂಜಿಗ, ಜೇನು ಎಲ್ಲಿವೆ ಎಂದು ನೋಡಿದ ಮೇಲೆಯೇ ಮಕ್ಕಳ ಪಯಣ. ಬ್ಯಾಂಕಿನಿಂದ ನಿವೃತ್ತರಾದ ಗಂಡನನ್ನೂ "ಬರ್ರಿ" ಎಂದು ಕರೆಯುತ್ತಿದ್ದಳು. ಅವರಿಗೆ ಮೊಣಕಾಲು ನೋವು. ಟಿವಿಯಲ್ಲಿ ಕ್ರಿಕೆಟ್ ಇದ್ದ ದಿನ ಆ ನೋವು ಇನ್ನಷ್ಟು ಜೋರು.

ಅದೇ ಶಾಲೆಯ ಇನ್ನೊಬ್ಬ ಟೀಚರ್ ಗ್ರೀಷ್ಮಾ ಹತ್ತಿರ ಬಂದು ಕೂತಳು. ಅತ್ತತ್ತು ಅವಳ ಮುಖ ಊದಿತ್ತು.

"ಕಾಕಾ, ಈಗ ಕೇಳಬಾರದು ಖರೆ. ನಾಳೆ ಮಕ್ಕಳ ಟ್ರಿಪ್ ಐತಿ. ಟೀಚರ್ ದಾರಿ ನೋಡ್ಕೊಂಡು ಬಂದು ಏನರ ಹೇಳಿದ್ರೇನ್ರಿ? ನನಗ ಅವರ ಫೋನ್ ಬರಲಿಲ್ಲ."

"ಮುಂದ ಹಾಕ್ರಿ," ಎಂದ ಸುಲೋಚನಾಳ ತಮ್ಮ ಗಿರಿಧರ. ಅಕ್ಕನ ಸುದ್ದಿ ಕೇಳಿ ಹೈದರಾಬಾದಿನಿಂದ ರಾತ್ರಿಯೆಲ್ಲ ಕಾರು ಓಡಿಸಿಕೊಂಡು ಬಂದಿದ್ದ.

"ಆಗೂದಿಲ್ರಿ. ಹಿಂದ ಬ್ಯಾರೆ ಕಡೆ ಹೋದಾಗ ಒಬ್ಬ ಹುಡುಗಗ ಜೇನು ಕಡದು, ಸಾಲ್ಯಾಗ ಟ್ರಿಪ್ಪ ಬಂದ್ ಮಾಡಿದ್ರು. ಟೀಚರ್ ಹಠ ಹಿಡದು ಮತ್ತ ಒಪ್ಪಿಸ್ಯಾರ. ಈ ಸಲ ತಪ್ಪಿದ್ರ ಮುಗೀತು. ಅವರು ನೋಡಿ ಬಂದ ದಾರಿ ಅಂದ್ರ ನನಗ ಧೈರ್ಯ."

ಲಕ್ಷ್ಮೀಕಾಂತ ಆರಿದ್ದ ಟಿವಿಯತ್ತ ನೋಡಿದರು.

*

ಹಿಂದಿನ ಸಂಜೆ ಸುಲೋಚನಾ ಬಂದವಳೇ ಗಟಗಟ ನೀರು ಕುಡಿದಿದ್ದಳು. ಟಿವಿಯಲ್ಲಿ ಕೊನೆಯ ಓವರುಗಳು ನಡೆದಿದ್ದವು.

"ಹೆಜ್ಜೇನು ಕಟ್ಟೇದರಿ," ಎಂದು ಯಾವುದೋ ಗಿಡದ ಹೆಸರು ಹೇಳಿದಳು. "ಆ ಕಡೆ ಹುಡುಗರನ್ನ ಒಯ್ಯಾಂಗಿಲ್ಲ. ಯಾಕೋ ಭಾಳ ದಣಿವಾಗೇತಿ, ಜರಾ ಅಡ್ಡಾಗ್ತೀನಿ. ನಾ ಮರತ್ರ ಗ್ರೀಷ್ಮಾಗ ನೀವ ಹೇಳ್ರಿ. ಕೇಳಿಸ್ತಿಲ್ಲೋ?"

"ಹೂಂ."

ಪಂದ್ಯ ಮುಗಿದ ಮೇಲೆ ಊಟಕ್ಕೆ ಎಬ್ಬಿಸಲು ಹೋದರು. ಅವಳ ಕೈ ತಣ್ಣಗಾಗಿತ್ತು.

*

ಅಂಬಾಝರಿ ಘಾಟಿನಲ್ಲಿ ಚಿತೆಗೆ ಬೆಂಕಿ ಇಟ್ಟಾಗಲೂ ಅವರಿಗೆ ಅಳು ಬರಲಿಲ್ಲ. ಬೇವು ಅಂದಳೋ, ಆಲ ಅಂದಳೋ ಎಂದು ಮನಸ್ಸು ತಡಕಾಡುತ್ತಲೇ ಇತ್ತು. ಜೀವಮಾನದ ಕೊನೆಯ ಮಾತನ್ನು ಹೆಂಡತಿ ತಮ್ಮೆದುರೇ ಆಡಿದ್ದಳು, ತಾವು ಕೇಳಿಸಿಕೊಂಡಿರಲಿಲ್ಲ. ನಾಚಿಕೆಯಿಂದ ಅವರಿಗೆ ಅಲ್ಲಿ ನಿಲ್ಲಲಾಗಲಿಲ್ಲ.

"ಹೆಜ್ಜೇನು ಐತಿ ಅಂದ್ಲವ್ವಾ," ಎಂದರು ಘಾಟಿನ ಹೊರಗೆ ನಿಂತಿದ್ದ ಗ್ರೀಷ್ಮಾಳ ಹತ್ತಿರ ಬಂದು. "ಯಾವ ಗಿಡ ಅಂತ ಹೇಳಿದ್ಲು. ನಾ ಕೇಳಲಿಲ್ಲ."

ಗ್ರೀಷ್ಮಾ ಫೋನು ತೆಗೆದಳು. "ಇರ್ಲಿ ಬಿಡ್ರಿ ಕಾಕಾ. ಟ್ರಿಪ್ ಬ್ಯಾಡ ಅಂತ ಹೇಳಿಬಿಡ್ತೀನಿ."

"ತಡಿ. ಗಿರಿಧರಾ, ಕಾರು ತಗೀ. ಕಾಡಿಗೆ ಹೋಗೂಣು."

"ಭಾವಾ, ಸ್ಮಶಾನದಿಂದ ನೆಟ್ಟಗ ಮನೀಗೆ ಹೋಗಬೇಕು. ಸ್ನಾನ ಆಗಬೇಕು. ಮಂದಿ ಏನಂದಾರು?"

"ಅಂದ್ರ ಅನ್ಲಿ."

ಕಾಡಿನ ಕಾವಲುಗಾರ ಅವರ ಒದ್ದೆ ಧೋತರ ನೋಡಿ ಏನೂ ಕೇಳದೆ ಗೇಟು ತೆಗೆದ. ಮಣ್ಣಿನ ದಾರಿಯಲ್ಲಿ ಲಕ್ಷ್ಮೀಕಾಂತ ಬರಿಗಾಲಲ್ಲಿ ಮುಂದೆ, ಗ್ರೀಷ್ಮಾ ಮತ್ತು ಗಿರಿಧರ ಹಿಂದೆ. ಮೊದಲ ಸಲ ಬಂದವರಿಗೆ ಎಲ್ಲ ಗಿಡಗಳೂ ಒಂದೇ ತರಹ ಕಂಡವು. ತಲೆಯೆತ್ತಿ ನೋಡುತ್ತ, ನಿಲ್ಲುತ್ತ ನಡೆದರು. ದಾರಿ ಹೊರಳುವಲ್ಲಿ ಗ್ರೀಷ್ಮಾ ಅವರ ತೋಳು ಹಿಡಿದಳು. ಕೆಂಪು ಹೂವಿನ ಎತ್ತರದ ಮರವೊಂದರ ಕೊಂಬೆಯಲ್ಲಿ ಕರಿಯ ಜೇನುಹುಟ್ಟೊಂದು ಜೋತಾಡುತ್ತಿತ್ತು, ಅದರ ಮೈಯೆಲ್ಲ ಜೇನುಹುಳ.

"ಬೂರಲದ ಗಿಡ," ಎಂದು ಪಿಸುಗುಟ್ಟಿದಳು. "ಟೀಚರ್ ಹೇಳಿದ್ದು ಇದ ಹೌದಲ್ರಿ?"

ಬೂರಲ. ಲಕ್ಷ್ಮೀಕಾಂತ ಆ ಹೆಸರನ್ನು ಬಾಯಲ್ಲೇ ಅಂದು ನೋಡಿದರು. ಹೆಂಡತಿಯ ದನಿಯಲ್ಲಿ ಅದನ್ನು ಕೇಳಲು ಕಣ್ಣು ಮುಚ್ಚಿದರು. ಟಿವಿಯ ಗದ್ದಲವಷ್ಟೇ ಕೇಳಿಸಿತು. ಆಗ ಅವರಿಗೆ ಅಳು ಬಂತು.

"ಗೊತ್ತಾಗವಲ್ದವ್ವಾ. ಇನ್ನೊಂದೂ ಇರಬಹುದು."

"ಭಾವಾ, ಸಿಕ್ತಲ್ಲ. ಜಲ್ದಿ ನಡೀರಿ, ಕತ್ತಲಾಗ್ತೈತಿ," ಎಂದ ಗಿರಿಧರ.

ಅವರು ಧೋತರದ ಅಂಚಿನಿಂದ ಕಣ್ಣೊರೆಸಿಕೊಂಡು, ಮರವನ್ನು ಬಳಸಿ, ಮುಂದಿನ ಗಿಡದ ಕೆಳಗೆ ಹೋಗಿ ಕತ್ತೆತ್ತಿ ನಿಂತರು.