ತಳದಲ್ಲಿ ಅಂಟಿದ್ದ ಹೆಸರು

ಮೆಕ್ಕೆಜೋಳದ ಬ್ರೆಡ್ಡಿಗೆ ಸಕ್ಕರೆ ಹಾಕುವವರನ್ನು ನಾನು ನಂಬುವುದಿಲ್ಲ. ಸಿಹಿ ಬೇಕಿದ್ದರೆ ಕೇಕ್ ಮಾಡಿಕೊಳ್ಳಲಿ, ಯಾರು ಬೇಡ ಅಂದರು? ನನ್ನ ತಮ್ಮ ಹೊಸಿಯಾ ಮಾತ್ರ ಎರಡು ಚಮಚ ಸುರಿಯುತ್ತಾನೆ. ಈ ವಿಷಯಕ್ಕೆ ನಲವತ್ತು ವರ್ಷದಿಂದ ನಮ್ಮಿಬ್ಬರಿಗೂ ಜಗಳ. ಆ ಮಂಗಳವಾರವೂ ಅದೇ ನಡೆದಿತ್ತು. ಅವನ ಬಲಗೈ ಪ್ಲಾಸ್ಟರಿನಲ್ಲಿತ್ತು. ನಮ್ಮ ನಡುವೆ ಮೇಜಿನ ಮೇಲೆ ಪೊಲೀಸ್ ಇಲಾಖೆಗೆ ಕೊಡಬೇಕಾದ ದೂರಿನ ಅರ್ಜಿ ಬಿದ್ದಿತ್ತು. ಎಲ್ಲಾ ತುಂಬಿಯಾಗಿತ್ತು, ಅಧಿಕಾರಿಯ ಹೆಸರು, ಅದು ಹೇಗೆ ತಿಳಿಯಿತು ಎಂದು ಬರೆಯುವ ಜಾಗ ಬಿಟ್ಟು.

ಹೊಸಿಯಾ ಅಂಗಡಿಗಳಿಗೆ ಚಿಪ್ಸ್ ತಲುಪಿಸುವ ವ್ಯಾನಿನ ಡ್ರೈವರ್. ಐದು ವಾರದ ಹಿಂದೆ ಪೆಟ್ರೋಲ್ ಬಂಕಿನ ಹಿಂಬದಿಯಲ್ಲಿ ಪೆಟ್ಟಿಗೆ ಇಳಿಸುತ್ತಿದ್ದಾಗ ಒಬ್ಬ ಪೊಲೀಸ್ ಬಂದು, ಯಾರ ಮಾಲು ಕದಿಯುತ್ತಿದ್ದೀಯಾ ಎಂದು ಕೇಳಿದ. ಇವನು ಕಂಪನಿಯ ಕಾರ್ಡು ತೆಗೆಯಲು ಜೇಬಿಗೆ ಕೈ ಹಾಕಿದ. ಮರುಗಳಿಗೆಯಲ್ಲಿ ಇವನು ನೆಲದ ಮೇಲಿದ್ದ, ಮಣಿಕಟ್ಟು ಮುರಿದಿತ್ತು. ಆ ವಾರ ಇಲಾಖೆಯಲ್ಲಿ ಯಾರೋ ತೀರಿಕೊಂಡಿದ್ದರಿಂದ ಪೊಲೀಸರೆಲ್ಲ ಎದೆಯ ಬಿಲ್ಲೆಗೆ ಕಪ್ಪು ಪಟ್ಟಿ ಸುತ್ತಿಕೊಂಡಿದ್ದರು. ನಂಬರು ಅದರಡಿ ಮುಚ್ಚಿಹೋಗಿತ್ತು. ಬಂಕಿನ ಕ್ಯಾಮೆರಾ ಕೆಟ್ಟಿತ್ತಂತೆ. ಹೆಸರಿಲ್ಲದ ದೂರು ತಗೊಳ್ಳೋದಿಲ್ಲ ಎಂದು ಕೌಂಟರಿನ ಹೆಂಗಸು ಮೂರು ಸಲ ನಮ್ಮನ್ನು ವಾಪಸು ಕಳಿಸಿದ್ದಳು. ಗಡುವು ಶುಕ್ರವಾರ. ಅಷ್ಟರೊಳಗೆ ದೂರು ದಾಖಲಾಗದಿದ್ದರೆ ತಪ್ಪು ಹೊಸಿಯಾನದೇ ಎಂದಾಗುತ್ತಿತ್ತು, ಕಂಪನಿ ವ್ಯಾನನ್ನು ಬೇರೆಯವನ ಕೈಗೆ ಕೊಡುತ್ತಿತ್ತು.

ಊರಿನಲ್ಲಿ ಅಭಿಪ್ರಾಯಕ್ಕೇನೂ ಬರವಿರಲಿಲ್ಲ. ಪೊಲೀಸರ ಮೇಲಿನ ದೂರನ್ನು ಪೊಲೀಸರೇ ವಿಚಾರಿಸಿದರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಎಂದು ಕ್ಷೌರದಂಗಡಿಯವನು ಹೇಳಿದ. ಅವರಿಗೂ ಹೆಂಡತಿ ಮಕ್ಕಳಿದ್ದಾರೆ ಎಂದು ಚರ್ಚಿನ ಹಿರಿಯರು ಅಂದರು. ಹೊಸಿಯಾನಿಗೆ ಇಲ್ಲವೇನು ಅಂದೆ. ಹೀಗೆ ಮಾತಾಡಲು ಬಂದವರೆಲ್ಲ ಅವನ ವ್ಯಾನಿನಲ್ಲಿ ಉಳಿದಿದ್ದ ಹೊಸ ಬಗೆಯ ಚಿಪ್ಸ್ ತಿಂದು ಅದರ ಬಗ್ಗೆಯೂ ತೀರ್ಪು ಕೊಟ್ಟರು. ಉಪ್ಪಿನಲ್ಲಿಟ್ಟ ಸೌತೆಕಾಯಿಯ ರುಚಿಯದು ಪರವಾಗಿಲ್ಲ, ಜೇನು ಸಾಸಿವೆಯದು ನಾಯಿಗೂ ಬೇಡ. ಹೊಸಿಯಾ ಪೊಟ್ಟಣವನ್ನು ಹಲ್ಲಿನಿಂದ ಹರಿದು ಅವರ ಮುಂದಿಡುತ್ತಿದ್ದ.

ಮನೆಗೆ ಪೆಟ್ಟು ಬಿದ್ದರೆ ನಮ್ಮಲ್ಲಿ ಅಡುಗೆ ಬರುತ್ತದೆ. ಮೊದಲ ವಾರವೇ ಹದಿನಾಲ್ಕು ಪಾತ್ರೆ ಬಂದಿದ್ದವು. ಪ್ರತಿಯೊಬ್ಬಳೂ ತಳಕ್ಕೆ ಕಾಗದದ ಅಂಟುಪಟ್ಟಿ ಹಚ್ಚಿ ಹೆಸರು ಬರೆದಿರುತ್ತಾಳೆ, ಪಾತ್ರೆ ದಾರಿ ತಪ್ಪಬಾರದಲ್ಲ. ಖಾಲಿ ಪಾತ್ರೆ ಹಿಂದಿರುಗಿಸಿದರೆ ಮಾನ ಹೋದಂತೆ. ಒಂದು ಚಿಕನ್ ಪೈ ಮಾತ್ರ ಬೆಳಗಾಗುವುದರೊಳಗೆ ಜಗುಲಿಯ ಮೇಲೆ ಬಂದು ಕೂತಿತ್ತು, ತಂದವರ ಸುಳಿವಿರಲಿಲ್ಲ. ಎಲ್ಲದಕ್ಕಿಂತ ರುಚಿಯಾಗಿದ್ದದ್ದು ಅದೇ. ತಳ ನೋಡುವ ವ್ಯವಧಾನ ಆಗ ಯಾರಿಗಿತ್ತು? ತೊಳೆದು ಉಳಿದವುಗಳ ಜೊತೆ ಪೇರಿಸಿಟ್ಟಿದ್ದೆ.

ಆ ಮಂಗಳವಾರ ಜಗಳ ಸಾಕೆನಿಸಿ, ಹಿಂದಿರುಗಿಸಬೇಕಾದ ಪಾತ್ರೆಗಳನ್ನು ಒಂದೊಂದಾಗಿ ಮಗುಚಿ ನೋಡಿದೆ. ಪೈ ಪಾತ್ರೆಯ ತಳದಲ್ಲಿ ನೀಲಿ ಶಾಯಿ ಅರ್ಧ ಮಾಸಿತ್ತು, ಆದರೂ ಓದಲು ಬಂತು. ಪಿಕೆಟ್.

ರೈಲು ಹಳಿಯ ಈಚೆ ನಾವು ಕಪ್ಪು ಜನ, ಮಾರ್ಡೆಲ್ ಪಿಕೆಟ್ ಆಚೆಯ ಬಿಳಿಯರ ಬೀದಿಯವಳು. ಹದಿನೆಂಟು ವರ್ಷ ಶಾಲೆಯ ಅಡುಗೆಮನೆಯಲ್ಲಿ ನನ್ನ ಪಕ್ಕದ ಒಲೆಯಲ್ಲೇ ಬೇಯಿಸಿದವಳು. ಸುಮ್ಮನೆ ಸಮಾಧಾನ ಹೇಳಲು ಬಂದಿದ್ದರೆ ಬಾಗಿಲು ತಟ್ಟಿ ಒಳಗೆ ಬಂದು, ನನ್ನ ಒಲೆಯಲ್ಲಿ ಹುಳುಕು ಹುಡುಕಿ, ಎರಡು ಕಪ್ ಕಾಫಿ ಕುಡಿದು ಹೋಗುತ್ತಿದ್ದಳು. ಪಾತ್ರೆ ಇಟ್ಟು ಓಡುವ ಜಾತಿಯಲ್ಲ. ಅವಳ ಮಗ ಪೊಲೀಸ್. ನಾನು ಪಾತ್ರೆ ಹಿಡಿದುಕೊಂಡು ಅಲ್ಲೇ ಕುಳಿತುಬಿಟ್ಟೆ.

ಮರುದಿನ ಬೆಳಿಗ್ಗೆ ಆ ಪಾತ್ರೆಯಲ್ಲಿ ಬ್ರೆಡ್ ಬೇಯಿಸಿ, ಅರ್ಜಿಯನ್ನು ಚೀಲದಲ್ಲಿಟ್ಟು ಅವಳ ಮನೆಗೆ ಹೋದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡಿದ್ದೆ. ಬಾಗಿಲು ತೆಗೆದವಳು ನನ್ನ ಮುಖ ನೋಡಲಿಲ್ಲ, ಪಾತ್ರೆ ನೋಡಿದಳು.

"ಚೀಟಿ ಕೀಳೋದು ಮರ್ತುಬಿಟ್ಯಾ, ಮಾರ್ಡೆಲ್?" ಅಂದೆ.

"ತೊಳೆದಿಟ್ಟಾಗಲೇ ಅಂಟಿಸಿಬಿಡ್ತೀನಿ, ವರ್ಬೀನಾ. ಇದ್ದಿದ್ದೇ ನೆನಪಾಗ್ಲಿಲ್ಲ." ಕುರ್ಚಿ ಎಳೆದುಕೊಟ್ಟಳು. ಪಾತ್ರೆಯನ್ನು ಮೇಜಿನ ಮೇಲಿಟ್ಟು ಕೇಳಿದಳು, "ತಿಂದ್ನಾ ಅವನು?"

"ತಿಂದ. ಎಡಗೈಲಿ."

ಅವಳು ಕಣ್ಣು ಮುಚ್ಚಿಕೊಂಡಳು. ನನಗೆ ಆಗ ಕನಿಕರ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ಅರ್ಜಿಯನ್ನು ಅವಳ ಮುಂದಿಟ್ಟೆ. ಹೆಸರನ್ನು ನಾನೇ ಬರೆಯಬಹುದಿತ್ತು. ಆದರೆ ಅದರ ಕೆಳಗೆ ಹೇಗೆ ತಿಳಿಯಿತು ಎಂದು ಕೇಳಿದ್ದರು. ಚಿಕನ್ ಪೈ ಹೇಳಿತು ಎಂದು ಬರೆದರೆ ಕೌಂಟರಿನವಳು ಊರೆಲ್ಲ ಕರೆದು ನಗುತ್ತಾಳೆ. ಇದನ್ನು ಮಾರ್ಡೆಲ್‌ಗೆ ಹೇಳಿದೆ. ಹೆತ್ತವರಿಗೆ ಹೆಗ್ಗಣ ಮುದ್ದು, ಈಗ ನನ್ನನ್ನು ಆಚೆಗಟ್ಟುತ್ತಾಳೆ ಎಂದು ಚೀಲವನ್ನು ಹೆಗಲಿಗೇರಿಸಿಕೊಂಡೇ ಕುಳಿತಿದ್ದೆ.

"ಅವತ್ತು ಮನೆಗೆ ಬಂದು ತಾನೇ ಹೇಳ್ದ," ಅಂದಳು. "ಚಿಪ್ಸ್ ವ್ಯಾನ್ ಅಂದ ಕೂಡ್ಲೇ ಹೊಸಿಯಾನೇ ಅಂತ ಗೊತ್ತಾಯ್ತು. ಯಾರ ಹತ್ರಾನೂ ಹೇಳ್ಬೇಡಮ್ಮ ಅಂದ. ಆಮೇಲೆ ಊಟಕ್ಕೆ ಕೂತ. ನಾನು ಬಡಿಸ್ದೆ."

ಅವಳು ಹೇಳಿದ್ದನ್ನು ಬರೆದುಕೊಳ್ಳಲು ನಾನು ಪೆನ್ನು ತೆಗೆದೆ. ಅವಳು ಕೈ ಚಾಚಿ ಅದನ್ನು ಕಿತ್ತುಕೊಂಡಳು.

"ಕೊಡಿಲ್ಲಿ. ಆ ಹೆಸರಿಟ್ಟವಳು ನಾನು."

ಖಾಲಿ ಜಾಗದಲ್ಲಿ ದಪ್ಪಕ್ಷರದಲ್ಲಿ ಬರೆದಳು: ಟ್ರೆಂಟ್ ಎಲ್ಡನ್ ಪಿಕೆಟ್. ಎಲ್ಡನ್ ಅವಳ ಅಪ್ಪನ ಹೆಸರು. ಅದನ್ನು ಬಿಡಬಹುದಿತ್ತು, ಬಿಡಲಿಲ್ಲ. ಹೇಗೆ ತಿಳಿಯಿತು ಎಂಬಲ್ಲಿ, ನನಗೆ ಅವನೇ ಹೇಳಿದ, ನಾನು ಅವನ ತಾಯಿ ಎಂದು ಬರೆದು, ತಾರೀಕು ಕೇಳಿ ಹಾಕಿ, ಸಹಿ ಮಾಡಿದಳು.

ಅರ್ಜಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡೆ. ತಬ್ಬಿಕೊಳ್ಳಬೇಕೆಂದೂ ಅನಿಸಿತು, ಒಂದು ಏಟು ಕೊಡಬೇಕೆಂದೂ ಅನಿಸಿತು. ಎರಡನ್ನೂ ಮಾಡಲಿಲ್ಲ. ನಾನು ಎದ್ದು ಬಾಗಿಲ ಹತ್ತಿರ ಹೋದಾಗ ಅವಳು ಹಿಂದಿನಿಂದ ಕೇಳಿದಳು.

"ಭಾನುವಾರ ಊಟಕ್ಕೆ ಬರ್ತಾನೆ. ಏನು ಮಾಡ್ಲಿ ಅವನಿಗೆ?"

"ಅವನಿಗಿಷ್ಟವಾದದ್ದೇ ಮಾಡು," ಅಂದೆ. "ಸಹಿ ಹಾಕಿದ್ದನ್ನ ಬಡಿಸೋಕೆ ಮುಂಚೆ ಹೇಳು."

ಅವಳು ತಲೆಯಾಡಿಸಿದಳು. ಕೌಂಟರು ಹನ್ನೆರಡಕ್ಕೆ ಮುಚ್ಚುತ್ತಿತ್ತು, ನಾನು ಬೇಗ ಬೇಗ ಹೆಜ್ಜೆ ಹಾಕಿದೆ.